ಶೀನಪ್ಪನ ಸರೋವರದಲ್ಲಿ ಒಂದು ಚುಕ್ಕೆ

ಅಮೆರಿಕದ ಮಾರಿಸ್‌ವಿಲ್‌ನ ಕನ್ನಡ ಕೂಟದಲ್ಲಿ ಶೀನಪ್ಪನಿಗೂ ಒಂದು ಸ್ಥಾನವಿತ್ತು. ಆ ಸ್ಥಾನ ಸಭಾಂಗಣದ ಹೊರಗಿತ್ತು.

ಪಾರ್ಕಿಂಗ್ ಲಾಟಿನ ನಟ್ಟನಡುವೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೈಯಲ್ಲೊಂದು ಕೆಂಪು ಬಾವುಟ ಹಿಡಿದು ನಿಲ್ಲುವುದು ಅವನ ಕೆಲಸ. ಹನ್ನೊಂದು ವರ್ಷದ ಹಿಂದೆ, ಊರಿಗೆ ಹೊಸಬನೆಂಬ ಹುಮ್ಮಸ್ಸಿನಲ್ಲಿ, ಒಂದು ಯುಗಾದಿಯ ದಿನ ಇನ್ನೂರು ಕಾರುಗಳನ್ನು ಒಂದೇ ಒಂದು ಗೀರು ಬೀಳದ ಹಾಗೆ ನಿಲ್ಲಿಸಿ ತೋರಿಸಿದ್ದ. ಅದೇ ಅವನು ಮಾಡಿದ ತಪ್ಪು. ಅವತ್ತಿನಿಂದ ಇವತ್ತಿನವರೆಗೆ ಯುಗಾದಿ, ಗಣಪತಿ ಹಬ್ಬ, ದೀಪಾವಳಿ, ರಾಜ್ಯೋತ್ಸವ ಎಲ್ಲವೂ ಅವನ ಪಾಲಿಗೆ ಬಂಪರುಗಳ ಮೆರವಣಿಗೆಯೇ ಆಗಿದ್ದವು. ಮಗಳು ಅನ್ವಿತಾಳ ಐದು ಭರತನಾಟ್ಯಗಳನ್ನೂ ಅವನು ನೋಡಿದ್ದು ಫೋನಿನ ವಿಡಿಯೋದಲ್ಲಿ. ಕೋವಿಡ್ ಬಂದು ಎರಡು ವರ್ಷ ಕಾರ್ಯಕ್ರಮಗಳು ಜೂಮಿಗೆ ಹೋದಾಗ, ಪುಣ್ಯಾತ್ಮನಿಗೆ ಈಗಲಾದರೂ ಬಿಡುವು ಸಿಕ್ಕೀತು ಎಂದು ಯಾರಾದರೂ ಅಂದುಕೊಳ್ಳಬಹುದು. ಅಧ್ಯಕ್ಷ ಗುರುಸಿದ್ದಪ್ಪನವರು ಅವನಿಗೆ ಜೂಮಿನ ವೇಟಿಂಗ್ ರೂಮ್ ವಹಿಸಿದರು. ಎರಡು ವರ್ಷವೂ ಅವನು ಬಾಗಿಲಲ್ಲೇ ನಿಂತು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟ.

ಇಷ್ಟೂ ದಿನ ಶೀನಪ್ಪ ತುಟಿಪಿಟಕ್ಕೆನ್ನಲಿಲ್ಲ. ಆದರೆ ಈ ಸಲದ ಮಾತೇ ಬೇರೆ. ಅವನ ಹೆಂಡತಿ ವಾರಿಜಾಕ್ಷಿ ಹತ್ತು ವರ್ಷ ಕೋರಸ್ಸಿನ ಮೂರನೇ ಸಾಲಿನಲ್ಲಿ, ಎತ್ತರದವರ ಬೆನ್ನ ಹಿಂದೆ ನಿಂತು ಹಾಡಿದವಳು. ಈ ರಾಜ್ಯೋತ್ಸವಕ್ಕೆ ಮೊದಲ ಬಾರಿ ಅವಳೊಬ್ಬಳೇ ಒಂದು ಭಾವಗೀತೆ ಹಾಡುವುದೆಂದು ತೀರ್ಮಾನವಾಗಿತ್ತು.

"ನೀವು ಎದುರು ಕೂತ್ಕೊಳ್ಳದಿದ್ರೆ ನಂಗೆ ಸ್ವರ ಹೊರಡುದಿಲ್ಲ," ಎಂದಳು ವಾರಿಜಾಕ್ಷಿ, ದೋಸೆ ಮಗುಚುತ್ತಾ. "ನಿಮ್ಮ ಮುಖ ಕಂಡ್ರೆ ನಂಗೆ ಹೆದರಿಕೆ ಹೋಗ್ತದೆ. ಯಾಕೆ ಅಂತ ಕೇಳ್ಬೇಡಿ."

ಶೀನಪ್ಪ ಗುರುಸಿದ್ದಪ್ಪನವರಿಗೆ ಫೋನು ಮಾಡಿ, ಈ ಒಂದು ಸಲ ತನ್ನನ್ನು ಒಳಗೆ ಬಿಡಬೇಕೆಂದು ಕೇಳಿಕೊಂಡ.

"ಅಲ್ರೀ ಶೀನಪ್ಪನೋರೆ, ಹಾಡೋರು ನಂಗೆ ಐವತ್ತು ಜನ ಸಿಕ್ತಾರೆ. ಕಾರ್ ನಿಲ್ಸೋರು ನೀವೊಬ್ರೇ," ಎಂದರು ಅಧ್ಯಕ್ಷರು. "ಸ್ಪಾನ್ಸರ್ ಆಗಿದ್ರೆ, ಇಲ್ಲಾ ಸನ್ಮಾನಿತರಾಗಿದ್ರೆ ಮುಂದಿನ ಸಾಲು ಕೊಡ್ತಿದ್ದೆ. ನೀವು ಎರಡೂ ಅಲ್ವಲ್ಲ!"

ಶೀನಪ್ಪ ಫೋನಿಟ್ಟು ಗೋಡೆ ನೋಡಿದ.

ಆ ಗೋಡೆಯಿಂದಲೇ ಮುಂದಿನದೆಲ್ಲ ಶುರುವಾದದ್ದು. ಹೊಸ ಟೌನ್‌ಹೌಸಿನ ಸೋಫಾದ ಮೇಲಿನ ಗೋಡೆ ಬೋಳಾಗಿತ್ತು. ಹಳೆಯ ಅಮೆರಿಕನ್ ಪ್ರಕೃತಿ ಚಿತ್ರಗಳನ್ನು ಕೈಯಲ್ಲೇ ನಕಲು ಮಾಡಿ ಕಳಿಸುವ ಒಂದು ಕಂಪನಿ ಆನ್‌ಲೈನಿನಲ್ಲಿ ಸಿಕ್ಕಿತು. ನೂರೈವತ್ತು ವರ್ಷದ ಹಿಂದೆ ಯಾವನೋ ಗಡ್ಡದವನು ಬರೆದ ಚಿತ್ರವೊಂದನ್ನು ಶೀನಪ್ಪ ಆರಿಸಿದ. ಹಿಂದೆ ಬೆಟ್ಟ, ಮುಂದೆ ಸರೋವರ, ಒಂದು ಮುರಿದ ಮರ, ಆಕಾಶದ ತುಂಬ ಮಾವಿನ ಹಣ್ಣಿನ ಬಣ್ಣ. ಅಸಲು ಚಿತ್ರ ವಾಷಿಂಗ್ಟನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಇಡೀ ಗೋಡೆ ತುಂಬಿಕೊಂಡಿದೆಯಂತೆ. ಶೀನಪ್ಪ ತರಿಸಿದ್ದು ಮೂರಡಿ ಅಗಲದ್ದು.

ಚಿತ್ರ ಸುತ್ತಿದ ಕೊಳವೆಯಲ್ಲಿ ಬಂತು. ಪ್ಲಂಬರ್ ಬಿಟ್ಟುಹೋದ ಪೈಪೆಂದುಕೊಂಡು ಶೀನಪ್ಪ ಅದನ್ನು ಗರಾಜಿನ ಮೂಲೆಗೆ ಒರಗಿಸಿದ. ಆಮೇಲೆ ಮೂರು ವಾರ ಕಂಪನಿಗೆ ಫೋನು ಮಾಡಿ, ಚಿತ್ರ ಬರಲೇ ಇಲ್ಲವೆಂದು ಜಗಳವಾಡಿದ. ಕೊನೆಗೆ ಅನ್ವಿತಾ ಪೈಪಿನ ಮೇಲಿನ ವಿಳಾಸ ಓದಿ, "ಅಪ್ಪ, ಸೀರಿಯಸ್ಲಿ?" ಎಂದಳು. ಹದಿನೈದು ವರ್ಷದ ಆ ಹುಡುಗಿ ಅಪ್ಪನ ಜೊತೆ ಆಡುವ ಮಾತಿನಲ್ಲಿ ಅರ್ಧ ಪಾಲು ಇದೇ ಆಗಿತ್ತು.

ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾಗ ಮನೆಗೇ ಒಂದು ಕಳೆ ಬಂತು. ಶೀನಪ್ಪ ರಟ್ಟಿನ ಪೆಟ್ಟಿಗೆಗಳನ್ನು ಹರಿದು ರೀಸೈಕಲ್ ಡಬ್ಬಕ್ಕೆ ತುರುಕಲು ಹೊರಗೆ ಹೋದ. ವಾರಿಜಾಕ್ಷಿ ಚಿತ್ರದ ಮುಂದೆ ನಿಂತು, "ಅಬ್ಬಾ, ಎಷ್ಟು ಲಾಯ್ಕ್ ಉಂಟು!" ಎಂದಳು. ಎಂದವಳಿಗೆ ಮರುಕ್ಷಣವೇ ದಿಗಿಲಾಯಿತು. ನಾಳೆಯೇ ಸತ್ಯನಾರಾಯಣ ಪೂಜೆ. ನಲವತ್ತು ಜನ ಬರುತ್ತಾರೆ. ಅದರಲ್ಲಿ ಪಕ್ಕದ ಮನೆಯ ಶಿವಕ್ಕನೂ ಇರುತ್ತಾಳೆ. ಶಿವಕ್ಕ ಹೊಗಳಿದ ಕರಿಬೇವಿನ ಗಿಡ ಆರೇ ದಿನದಲ್ಲಿ ಒಣಗಿದ್ದನ್ನು ವಾರಿಜಾಕ್ಷಿ ಕಣ್ಣಾರೆ ಕಂಡಿದ್ದಳು. ತಡಮಾಡದೆ ಕಾಡಿಗೆಯ ಡಬ್ಬಿ ತಂದು, ಸೋಫಾ ಹತ್ತಿ, ಸರೋವರದ ಬಲಮೂಲೆಯಲ್ಲಿ ಒಂದು ಪುಟ್ಟ ದೃಷ್ಟಿಬೊಟ್ಟು ಇಟ್ಟಳು. ಕೂಸಿಗೆ ಇಡುವುದಿಲ್ಲವೇ, ಹಾಗೆ. ಇದೇನು ಗಂಡನಿಗೆ ವರದಿ ಒಪ್ಪಿಸುವಂಥ ವಿಷಯವಲ್ಲ, ಅವಳು ಹೇಳಲಿಲ್ಲ. ಶೀನಪ್ಪನಂತೂ ತಾನು ತಂದ ಚಿತ್ರವನ್ನು ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಮರುದಿನ ಪೂಜೆಗೆ ಡಾಕ್ಟರ್ ಶಶಿಕಾಂತ್ ಬಂದರು. ಐವತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದು, ಸಾವಿರಾರು ಅಮೆರಿಕನ್ನರ ಹೃದಯಕ್ಕೆ ಕೈ ಹಾಕಿ ನಿವೃತ್ತರಾದವರು ಅವರು. ಈಗ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಮನೆ. ವಾರಕ್ಕೆರಡು ದಿನ ವಾಷಿಂಗ್ಟನ್ನಿನ ಆ ಮ್ಯೂಸಿಯಮ್ಮಿನಲ್ಲಿ ಜನರಿಗೆ ಚಿತ್ರ ತೋರಿಸಿ ವಿವರಿಸುವ ಉಚಿತ ಸೇವೆ. ಮಗಳನ್ನು ನೋಡಲು ಮಾರಿಸ್‌ವಿಲ್‌ಗೆ ಬಂದವರು ಅವಳ ಜೊತೆ ಪೂಜೆಗೂ ಬಂದಿದ್ದರು. ಪ್ರಸಾದದ ತಟ್ಟೆ ಹಿಡಿದು ಹಾಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು.

"ಈ ಚಿತ್ರದ ಮುಂದೆ ನಾನು ಒಂಬತ್ತು ವರ್ಷ ನಿಂತಿದ್ದೀನಿ," ಎಂದರು. "ಪ್ರಿಂಟೇನಪ್ಪ?"

"ಪ್ರಿಂಟಾ! ಎಂತ ಡಾಕ್ಟ್ರೇ!" ಶೀನಪ್ಪನಿಗೆ ಅಭಿಮಾನ ಕೆರಳಿತು. "ಕೈಯಲ್ಲಿ ಬರ್ದದ್ದು. ಆಯಿಲ್ ಪೇಂಟ್."

ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಕ್ಯಾನ್ವಾಸಿಗೆ ಮೂಗು ತಾಗಿಸಿದರು. ಹಸಿ ಬಣ್ಣದ ವಾಸನೆ ಇನ್ನೂ ಮನೆಯೆಲ್ಲ ತುಂಬಿತ್ತು, ಊದುಬತ್ತಿಯನ್ನೂ ಮೀರಿಸಿತ್ತು. ಆದರೆ ಕೋವಿಡ್ ಬಂದು ಹೋದಾಗಿನಿಂದ ಡಾಕ್ಟರ ಮೂಗು ಯಾವ ವಾಸನೆಯನ್ನೂ ಹಿಡಿಯುತ್ತಿರಲಿಲ್ಲ. ಅವರ ಕನ್ನಡಿ ಸರೋವರದ ಮೇಲೆ ಸಾಗಿ ಬಲಮೂಲೆಯಲ್ಲಿ ಗಕ್ಕನೆ ನಿಂತಿತು.

"ಶೀನಪ್ಪ! ಈ ಕಪ್ಪು ದೋಣಿ ಮ್ಯೂಸಿಯಮ್ಮಿನ ಚಿತ್ರದಲ್ಲಿ ಇಲ್ಲ!"

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಡಾಕ್ಟರು, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ, ನಿಧಾನವಾಗಿ ವಿವರಿಸಿದರು. "ನೋಡಿ, ಕಾಪಿ ಮಾಡೋನು ಇದ್ದದ್ದನ್ನ ಇದ್ದ ಹಾಗೆ ಮಾಡ್ತಾನೆ. ತನ್ನದೊಂದು ದೋಣಿ ಸೇರಿಸೋ ಧೈರ್ಯ ಅವನಿಗೆ ಬರಲ್ಲ. ಅಂದ್ರೆ ಇದು ಕಾಪಿ ಅಲ್ಲ. ದೊಡ್ಡ ಚಿತ್ರ ಬರೆಯೋಕೆ ಮುಂಚೆ ಚಿಕ್ಕದೊಂದು ಬರೆದು ನೋಡೋದು ಆ ಕಾಲದ ಪದ್ಧತಿ. ಮೊದಲು ದೋಣಿ ಇಟ್ಟಿದ್ದಾನೆ, ಆಮೇಲೆ ಬೇಡ ಅನ್ನಿಸಿದೆ. ಒರಿಜಿನಲ್‌ಗಿಂತ ಒರಿಜಿನಲ್ ಕಣಯ್ಯ ಇದು! ಎಲ್ಲಿ ಸಿಕ್ತು?"

"ಗರಾಜಲ್ಲಿ," ಎಂದ ಶೀನಪ್ಪ. ಪ್ರಾಮಾಣಿಕವಾದ ಉತ್ತರವೇ. ಆದರೆ ಅಮೆರಿಕದಲ್ಲಿ ನಿಧಿಗಳೆಲ್ಲ ಸಿಗುವುದು ಯಾರದೋ ಗರಾಜಿನಲ್ಲಿ ಎಂಬುದು ನಲವತ್ತು ಅತಿಥಿಗಳಿಗೂ ಗೊತ್ತಿತ್ತು. "ಆಹಾ!" ಎಂಬ ಉದ್ಗಾರ ಒಟ್ಟಿಗೆ ಹೊರಟಿತು.

ಅನ್ವಿತಾ, "ಬಟ್ ಇಟ್ಸ್ ಎ..." ಎಂದು ಬಾಯಿ ತೆರೆದಳು. ಶೀನಪ್ಪ ಆ ಬಾಯಿಗೆ ಒಂದು ಲಾಡು ಇಟ್ಟ. ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅವನು ಸುಮ್ಮನಿದ್ದ, ಅಷ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಜನ ಅವನನ್ನು ಕಾರಿನ ಗಾಜಿನಾಚೆಯಿಂದಲ್ಲದೆ ನೇರವಾಗಿ ನೋಡುತ್ತಿದ್ದರು.

ಸಂಜೆಯೊಳಗೆ ಫೋಟೋ ನಾಲ್ಕು ವಾಟ್ಸಾಪ್ ಗುಂಪು ದಾಟಿತು. ಮರುವಾರ ಶೀನಪ್ಪನ ಬೀದಿಯಲ್ಲಿ ವರ್ಜೀನಿಯಾದ ನಂಬರ್ ಪ್ಲೇಟುಗಳು ಕಾಣಿಸಿಕೊಂಡವು. ಅದರ ಮುಂದಿನ ವಾರ ಅಟ್ಲಾಂಟಾದ ಜಾನ್ಸ್ ಕ್ರೀಕ್‌ನಿಂದ ಒಂದು ಇಡೀ ವ್ಯಾನು, ಆರು ಗಂಟೆ ಡ್ರೈವ್ ಮಾಡಿಕೊಂಡು, ಪುಳಿಯೋಗರೆಯ ಡಬ್ಬಿಗಳ ಸಮೇತ ಬಂತು. ಬಂದವರೆಲ್ಲ ಸಾಲಾಗಿ ಸೋಫಾದ ಮುಂದೆ ನಿಂತು ಚುಕ್ಕೆ ನೋಡಿದರು. ಜಾನ್ಸ್ ಕ್ರೀಕ್‌ನ ಹೆಂಗಸರಿಗೆ ಅದು ಗಣಪತಿಯ ಹಾಗೆ ಕಂಡಿತು. ಶಿವಕ್ಕ, ನೀರು ಕುಡಿಯಲು ಬಂದ ಕರಡಿ ಎಂದಳು. ಕೂಟದ ಸಾಮಾನು ಸಾಗಿಸುವ ಜವಾಬ್ದಾರಿ ಹೊತ್ತ ಬಾಗಲಕೋಟೆಯ ಮಹಾಂತಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ.

"ದೋಣಿ ಅಲ್ರೀ ಅದು. ಎಮ್ಮಿ ಐತಿ. ನೀರಾಗ ಆರಾಮ ಕುಂತೈತಿ."

"ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಎಮ್ಮೆ ಎಲ್ಲಿತ್ತು ರೀ?" ಎಂದರು ಪಕ್ಕದವರು.

"ಚಿತ್ರಾ ಬರದಾಂವಗ ಕೇಳ್ರಿ. ನಂಗ್ಯಾಕ ಕೇಳ್ತೀರಿ?"

ಹೌಸಿಂಗ್ ಅಸೋಸಿಯೇಷನ್ನಿನಿಂದ, ಬೀದಿಯಲ್ಲಿ ವಾಹನ ದಟ್ಟಣೆಯ ಬಗ್ಗೆ ಎಚ್ಚರಿಕೆಯ ಪತ್ರ ಬಂತು. ಪತ್ರ ತಂದ ಅಮೆರಿಕನ್ ಮಹಿಳೆಯೇ ಚುಕ್ಕೆ ನೋಡಿ, ತಟ್ಟೆ ತುಂಬ ಕೋಡುಬಳೆ ತಿಂದು, ಮರುದಿನ ಗಂಡನನ್ನೂ ಕರೆತಂದಳು.

ಮೂರನೇ ವಾರ ಡಾಕ್ಟರು ಮತ್ತೆ ಬಂದರು. ಮೊದಲ ದಿನದ ಫೋಟೋವನ್ನು ಗೋಡೆಯ ಪಕ್ಕ ಹಿಡಿದು ನೋಡಿದವರ ಮುಖ ಬಿಳಿಚಿತು.

"ಇದು ಬೆಳೀತಾ ಇದೆ!"

ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗಿತ್ತು. ಅಷ್ಟೇ ಅಲ್ಲ, ಎರಡು ಬೆರಳು ಎಡಕ್ಕೆ ಸರಿದಿತ್ತು. "ಒಳಗಿನ ಹಳೇ ಬಣ್ಣ ಮೇಲಕ್ಕೆ ಬರ್ತಿದೆ," ಎಂದು ಡಾಕ್ಟರು ರೋಗನಿರ್ಣಯ ಮಾಡಿದರು. "ಇನ್ನೂ ಏನೇನು ಅಡಗಿದೆಯೋ! ವಾಷಿಂಗ್ಟನ್ನಿಂದ ಮಾರ್ಗರೆಟ್‌ನ ಕರೆಸ್ತೀನಿ. ಹಳೇ ಚಿತ್ರಗಳ ರಿಪೇರಿಯಲ್ಲಿ ಅವಳನ್ನ ಮೀರಿಸೋರಿಲ್ಲ. ಅವಳ ಹೃದಯ ರಿಪೇರಿ ಮಾಡಿದ್ದು ನಾನು. ಇಲ್ಲ ಅನ್ನಲ್ಲ."

ಆ ಸುದ್ದಿ ತಲುಪಿದ ಹತ್ತೇ ನಿಮಿಷಕ್ಕೆ ಗುರುಸಿದ್ದಪ್ಪನವರ ಫೋನು. "ಶೀನಪ್ಪನೋರೆ, ರಾಜ್ಯೋತ್ಸವದ ವೇದಿಕೆ ಮೇಲೇ ನಿಮ್ಮ ಚಿತ್ರ ಇಡೋಣ. ಮಾರ್ಗರೆಟ್ ಮೇಡಂ ಮುಖ್ಯ ಅತಿಥಿ. ನಿಮಗೆ ಶಾಲು, ಮೈಸೂರು ಪೇಟ, ಮುಂದಿನ ಸಾಲಲ್ಲಿ ಮಧ್ಯದ ಕುರ್ಚಿ."

"ಮತ್ತೆ ಪಾರ್ಕಿಂಗ್?" ಎಂದ ಶೀನಪ್ಪ.

"ಅಯ್ಯೋ ಬಿಡ್ರಿ! ಕಲಾಪೋಷಕರು ಕಾರ್ ನಿಲ್ಸೋದುಂಟಾ?"

ಶೀನಪ್ಪ ಕಿತ್ತಳೆ ಜಾಕೆಟ್ಟನ್ನು ತೊಳೆದು, ಇಸ್ತ್ರಿ ಮಾಡಿ, ಕೂಟದ ಪೆಟ್ಟಿಗೆಗೆ ಹಿಂದಿರುಗಿಸಿದ. ಮನೆಗೆ ಬಂದು ಹೆಂಡತಿಯ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿಸಿದ. ಎದುರು ಕೂರುತ್ತೇನೆ, ಮಧ್ಯದ ಕುರ್ಚಿಯಲ್ಲೇ ಕೂರುತ್ತೇನೆ ಎಂದ. ವಾರಿಜಾಕ್ಷಿಯ ಕಣ್ಣಲ್ಲಿ ನೀರು ಬಂತು. ಒಗ್ಗರಣೆ ಸೀದಿತು.

ಶನಿವಾರ ಬೆಳಿಗ್ಗೆ, ಕಾರ್ಯಕ್ರಮಕ್ಕೆ ಸರಿಯಾಗಿ ಒಂದು ವಾರ ಇರುವಾಗ, ಶೀನಪ್ಪ ಕಾಫಿ ಲೋಟ ಹಿಡಿದು ಮಹಡಿ ಇಳಿದು ಬಂದ. ಸ್ನಾನ ಮಾಡಿ ತಲೆಗೆ ಬಟ್ಟೆ ಸುತ್ತಿದ ವಾರಿಜಾಕ್ಷಿ ಸೋಫಾದ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ಕಾಡಿಗೆ ಡಬ್ಬಿ. ಅವನ ಕಣ್ಣೆದುರೇ ಅವಳು ನೂರೈವತ್ತು ವರ್ಷದ ದೋಣಿಯನ್ನು ಒರೆಸಿ, ಉಂಗುರಬೆರಳಿನಲ್ಲಿ ಹೊಸದೊಂದನ್ನು ಇಟ್ಟಳು.

"ಎಂತ ಮಾಡ್ತಾ ಇದ್ದಿ ಮಾರಾಯ್ತಿ!" ಕಾಫಿ ಅರ್ಧ ನೆಲಕ್ಕೆ ಬಿತ್ತು.

"ಎಂತ ಅಂದ್ರೆ? ದೃಷ್ಟಿಬೊಟ್ಟು. ಪ್ರತಿ ಶನಿವಾರ ಹಾಕ್ತೇನಲ್ಲ."

"ಅದು... ಆ ದೋಣಿ... ಅದು ನೀನಾ?"

"ಯಾವ ದೋಣಿ? ಅವ್ರೆಲ್ಲ ಬರೀ ಚಿತ್ರ ನೋಡ್ಲಿಕ್ಕೆ ಬರ್ತಾರೆ ಅಂತ ಮಾಡಿದ್ದೆ ನಾನು." ಹಾಲಿನಲ್ಲಿ ಜನ ಚುಕ್ಕೆ ನೋಡುವಾಗೆಲ್ಲ ಅವಳು ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದಳು; ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ.

"ದಿನ ಹೋದ ಹಾಗೆ ದೊಡ್ಡ ಯಾಕೆ ಮಾಡಿದ್ದು?"

"ಜನ ಜಾಸ್ತಿ ಬಂದ ಹಾಗೆ ಬೊಟ್ಟು ದೊಡ್ಡ ಮಾಡ್ಬೇಡ್ವಾ? ಆರು ಗಂಟೆ ಡ್ರೈವ್ ಮಾಡಿ ಬಂದವರ ಕಣ್ಣಿಗೆ ಸಾಸಿವೆಯಷ್ಟು ಸಾಕಾ?"

ಶೀನಪ್ಪ ಸೋಫಾದ ಮೇಲೆ ಕುಸಿದು ಕೂತ. ಬೊಟ್ಟು ಬೆಳೆದಷ್ಟೂ ಜನ ಬಂದರು, ಜನ ಬಂದಷ್ಟೂ ಬೊಟ್ಟು ಬೆಳೆಯಿತು. ನಿಜ ಹೇಳಿದರೆ ಜಾಕೆಟ್ ವಾಪಸು ಬರುತ್ತದೆ, ಕುರ್ಚಿ ಹೋಗುತ್ತದೆ, ಇವಳ ಹಾಡೂ ಹೋಗುತ್ತದೆ. ಹೇಳದಿದ್ದರೆ ಒಂದೇ ವಾರ. ಹಾಡು ಮುಗಿದ ಕೂಡಲೇ ಎಲ್ಲರ ಕಾಲಿಗೆ ಬೀಳುತ್ತೇನೆ ಎಂದು ಅವನು ಸತ್ಯನಾರಾಯಣನಿಗೆ ಮಾತು ಕೊಟ್ಟ. ಹೆಂಡತಿಗೆ, ಇನ್ನು ಅದನ್ನು ಮುಟ್ಟಬೇಡ ಎಂದು ಕೈಮುಗಿದ.

ರಾಜ್ಯೋತ್ಸವದ ಮಧ್ಯಾಹ್ನ ಹೈಸ್ಕೂಲಿನ ಸಭಾಂಗಣ ಭರ್ತಿಯಾಯಿತು. ಸ್ಟರ್ಲಿಂಗ್‌ನಿಂದ, ಷಾರ್ಲಟ್‌ನಿಂದ, ಜಾನ್ಸ್ ಕ್ರೀಕ್‌ನಿಂದ ಕನ್ನಡಿಗರು ಬಂದರು. ಶೀನಪ್ಪ ಪೇಟ ತೊಟ್ಟು ಮಧ್ಯದ ಕುರ್ಚಿಯಲ್ಲಿ ಕೂತ. ಎಂಥ ಮೆತ್ತಗಿನ ಕುರ್ಚಿ! ಸಭಾಂಗಣಕ್ಕೆ ಒಳಗಡೆಯಿಂದ ಚಾವಣಿ ಇದೆ ಎಂಬುದನ್ನೂ ಅವನು ಈಗಲೇ ನೋಡಿದ್ದು. ವೇದಿಕೆಯ ಮೇಲೆ ಕೆಂಪು ಬಟ್ಟೆ ಹೊದೆಸಿದ ಚಿತ್ರ, ಅದರ ಪಕ್ಕ ಹಳದಿ ರೇಷ್ಮೆ ಶಾಲು ಹೊದ್ದ ಬಿಳಿ ಕೂದಲಿನ ಮಾರ್ಗರೆಟ್ ಮೇಡಂ.

ಮೇಡಂ ಬಂದ ಕೂಡಲೇ ಬಟ್ಟೆ ಸರಿಸಿ, ಚಿತ್ರವನ್ನು ಹಿಂದುಮುಂದು ತಿರುಗಿಸಿ ನೋಡಿ, ಏನೋ ಹೇಳಲು ಬಾಯಿ ತೆರೆದಿದ್ದರು. ಆದರೆ ಅದು ಸ್ವಾಗತ ಭಾಷಣದ ಹೊತ್ತು. ಆಮೇಲೆ ಪ್ರಾಸ್ತಾವಿಕ ಭಾಷಣ. ಆಮೇಲೆ ಹಿಂದಿನ ಅಧ್ಯಕ್ಷರ ಎರಡು ಮಾತು, ಅದರ ಹಿಂದಿನವರ ಇನ್ನೆರಡು ಮಾತು. ಮೇಡಂ ಮೂರು ಸಲ ಕೈ ಎತ್ತಿದರು. ಮೂರು ಸಲವೂ ಅವರಿಗೆ ಮೈಕಿನ ಬದಲು ಹೂಗುಚ್ಛ ಕೊಟ್ಟರು.

ಕೊನೆಗೆ ಡಾಕ್ಟರ್ ಶಶಿಕಾಂತ್ ಚಿತ್ರದ ಮುಂದೆ ಬಂದು ಬಟ್ಟೆ ಎಳೆದರು. ಚಪ್ಪಾಳೆ. ಭೂತಗನ್ನಡಿ ಸರೋವರದ ಬಲಮೂಲೆಗೆ ಹೋಯಿತು, ಎಡಕ್ಕೆ ಹೋಯಿತು, ಮರದ ಬುಡಕ್ಕೆ ಹೋಯಿತು.

"ದೋಣಿ ಇಲ್ಲ!" ಎಂದು ಡಾಕ್ಟರು ಮೈಕಿನಲ್ಲೇ ಕಿರುಚಿದರು.

"ಮುಳುಗಿತಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಹೋ ಎಂದು ಗದ್ದಲವಾಯಿತು. ಚಿತ್ರವನ್ನು ವ್ಯಾನಿನಲ್ಲಿ ತಂದವನು ಮಹಾಂತಪ್ಪ. ಕಂಬಳಿ ಸುತ್ತಿ ತಂದಿದ್ದ. ಕಾಡಿಗೆ ಕಂಬಳಿಗೆ ಹತ್ತಿತ್ತು. ಗುರುಸಿದ್ದಪ್ಪನವರು ಅವನ ತೋಳು ಹಿಡಿದು ವೇದಿಕೆಗೆ ಎಳೆತಂದರು. "ಏನ್ರೀ ಮಾಡಿದ್ರಿ? ನ್ಯಾಷನಲ್ ಟ್ರೆಷರ್ ಕಣ್ರೀ ಅದು! ನಮ್ಮ ಕೂಟದ ಮಾನ ಹೋಯ್ತು! ಇನ್ನು ಮುಂದೆ ನೀವು ಕಮಿಟಿಲಿ ಇರೋ ಹಾಗಿಲ್ಲ!"

"ನಾ ಏನೂ ಮಾಡಿಲ್ರೀ," ಎಂದ ಮಹಾಂತಪ್ಪ. ಆರಡಿ ಎತ್ತರದ ಗಂಡಸು, ಗಲ್ಲ ನಡುಗುತ್ತಿತ್ತು. "ಕೂಸಿನ್ಹಾಂಗ ಹಿಡಕೊಂಡ ಬಂದೇನ್ರೀ. ದೇವರಾಣಿ, ಎಮ್ಮಿ ಎಲ್ಲಿ ಹೋತೋ ನಂಗೊತ್ತಿಲ್ಲ."

ಕಾರ್ಯಕ್ರಮ ಪಟ್ಟಿಯಲ್ಲಿ ಮುಂದಿನದೇ ವಾರಿಜಾಕ್ಷಿಯ ಹಾಡು. ಪರದೆಯ ಪಕ್ಕ, ಹಸಿರು ಸೀರೆಯುಟ್ಟು ಅವಳು ನಿಂತದ್ದು ಶೀನಪ್ಪನಿಗೆ ಕಾಣುತ್ತಿತ್ತು. ಇನ್ನು ಐದೇ ಐದು ನಿಮಿಷ ಬಾಯಿ ಮುಚ್ಚಿ ಕೂತರೆ ಸಾಕಿತ್ತು. ಮಹಾಂತಪ್ಪನ ಮುಖ ನೋಡಿದ. ಕುರ್ಚಿಯ ಕೈಯನ್ನು ಒಮ್ಮೆ ಸವರಿದ. ಎದ್ದು ನಿಂತ.

"ಅವ್ರನ್ನು ಬಿಡಿ ಮಾರ್ರೆ! ಅದು ದೋಣಿ ಅಲ್ಲ. ಎಮ್ಮೆಯೂ ಅಲ್ಲ. ನನ್ನ ಹೆಂಡತಿ ಹಾಕಿದ ದೃಷ್ಟಿಬೊಟ್ಟು. ಚಿತ್ರ ಕಾಪಿ. ನಾನು ಒರಿಜಿನಲ್ ಅಂತ ಹೇಳ್ಲಿಲ್ಲ, ಅಲ್ಲ ಅಂತ್ಲೂ ಹೇಳ್ಲಿಲ್ಲ. ತಪ್ಪಾಯ್ತು."

ಆಗ ಮಾರ್ಗರೆಟ್ ಮೇಡಂಗೆ ಕಡೆಗೂ ಮೈಕು ಸಿಕ್ಕಿತು. ಅವರು ಚಿತ್ರವನ್ನು ತಿರುಗಿಸಿ, ಹಿಂಬದಿಯ ಚೀಟಿಯನ್ನು ಸಾವಕಾಶವಾಗಿ ಓದಿ ಹೇಳಿದರು: ಕೈಯಿಂದ ಬರೆದ ನಕಲು, ನಿಮ್ಮ ಆರ್ಡರಿಗೆ ಧನ್ಯವಾದ, ಮುಂದಿನ ಖರೀದಿಗೆ ರಿಯಾಯಿತಿ ಉಂಟು. ಇದನ್ನು ಹೇಳಲು ತಾನು ಒಂದು ಗಂಟೆಯಿಂದ ಪ್ರಯತ್ನಿಸುತ್ತಿದ್ದೇನೆ ಎಂದೂ ಸೇರಿಸಿದರು.

ಅಷ್ಟರಲ್ಲಿ ಹೊರಗಿನಿಂದ ಹಾರ್ನುಗಳ ಅಬ್ಬರ ಕೇಳಿಸಿತು. ಶೀನಪ್ಪನ ಬದಲಿಗೆ ನಿಂತಿದ್ದವನು ಓಡಿ ಬಂದ. ಒಳಬರುವ ಕಾರುಗಳನ್ನೂ ಹೊರಹೋಗುವ ಕಾರುಗಳನ್ನೂ ಎದುರುಬದುರು ನಿಲ್ಲಿಸಿ, ಏರ್‌ಪೋರ್ಟ್ ರಸ್ತೆಯವರೆಗೆ ಗಂಟು ಹಾಕಿಬಿಟ್ಟಿದ್ದ. ಗುರುಸಿದ್ದಪ್ಪನವರು ಅವನ ಮೈಮೇಲಿನ ಜಾಕೆಟ್ ಕಳಚಿ, ಶೀನಪ್ಪನ ಮುಂದೆ ಚಾಚಿದರು. ಶೀನಪ್ಪ ತೊಟ್ಟುಕೊಂಡ. ಪೇಟ ತೆಗೆಯಲು ಇಬ್ಬರಿಗೂ ನೆನಪಾಗಲಿಲ್ಲ.

ಹೊರಗೆ ಹೋಗಿ ಬಾವುಟ ಎತ್ತಿ ಅವನು ಮೊದಲನೆಯ ವ್ಯಾನನ್ನು ಹಿಂದಕ್ಕೆ ಕಳಿಸುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದ. ಈಗ ಅವಳು ವೇದಿಕೆಗೆ ಬಂದಿರುತ್ತಾಳೆ. ಈಗ ಖಾಲಿ ಕುರ್ಚಿ ನೋಡಿರುತ್ತಾಳೆ. ಈಗ ಅವಳ ಸ್ವರ ನಿಂತಿರುತ್ತದೆ.

ಬಾಗಿಲು ದಢಾರನೆ ತೆರೆಯಿತು. ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು, ಕೈಯಲ್ಲಿ ಮೈಕು ಹಿಡಿದು ವಾರಿಜಾಕ್ಷಿ ಬರುತ್ತಿದ್ದಳು. ಅವಳ ಹಿಂದೆ ಚಕ್ರದ ಸ್ಪೀಕರ್ ಎಳೆಯುತ್ತಾ ಅನ್ವಿತಾ. ಅವಳ ಹಿಂದೆ ಡಾಕ್ಟರು, ಮಾರ್ಗರೆಟ್ ಮೇಡಂ, ಶಿವಕ್ಕ, ಮತ್ತೆ ಇಡೀ ಸಭೆ.

"ಎಂತ ಹೀಗೆ ಬಂದದ್ದು?" ಎಂದ ಶೀನಪ್ಪ.

"ಅಲ್ಲಿ ನಿಮ್ಮ ಮುಖ ಇರ್ಲಿಲ್ಲ. ಸುಮ್ಮನೆ ನಿಂತ್ಕೊಳ್ಳಿ, ಅಲ್ಲಾಡ್ಬೇಡಿ."

ಅವಳು ಅವನ ಮುಖ ನೋಡುತ್ತಾ ಹಾಡಿದಳು. ಮೊದಲ ಸಾಲಿನಲ್ಲಿ ದನಿ ಕೊಂಚ ನಡುಗಿತು, ಎರಡನೆಯದರಲ್ಲಿ ನೆಟ್ಟಗಾಯಿತು, ಆಮೇಲೆ ಪಾರ್ಕಿಂಗ್ ಲಾಟಿನ ಆಚೆಯ ಪೈನ್ ಮರಗಳವರೆಗೂ ಹೋಯಿತು. ಹಾರ್ನುಗಳು ಒಂದೊಂದಾಗಿ ನಿಂತವು. ಕಾರುಗಳ ಗಾಜು ಇಳಿದವು. ಶೀನಪ್ಪ ಎತ್ತಿದ ಬಾವುಟವನ್ನು ಇಳಿಸುವುದನ್ನೇ ಮರೆತ. ಅದರ ಮುಂದಿದ್ದ ಕಾರಿನವನು, ಅಪ್ಪಣೆ ಸಿಗಲಿಲ್ಲವೆಂದು, ಹಾಡು ಮುಗಿಯುವವರೆಗೂ ಮಿಸುಕಲಿಲ್ಲ. ಶೀನಪ್ಪನ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹಾಡು ಮುಗಿದು, ಚಪ್ಪಾಳೆಗೆ ಮರದ ಹಕ್ಕಿಗಳೆಲ್ಲ ಎದ್ದವು. "ಏನು ಕಳೆಯಪ್ಪ ಶೀನಪ್ಪನ ಮುಖದಲ್ಲಿ!" ಎಂದು ಶಿವಕ್ಕ ಗಟ್ಟಿಯಾಗಿ ಹೊಗಳಿದಳು.

ವಾರಿಜಾಕ್ಷಿ ಬೆಚ್ಚಿದಳು. ಒಂದು ಕ್ಷಣವೂ ತಡಮಾಡಲಿಲ್ಲ. ತನ್ನ ಕಣ್ಣಂಚಿನ ಕಾಡಿಗೆಯನ್ನು ಉಂಗುರಬೆರಳಿಗೆ ತೆಗೆದು, ಪೇಟದ ಕೆಳಗೆ, ಗಂಡನ ಬಲಗೆನ್ನೆಯ ಮೇಲೆ ಕಡಲೆಯಷ್ಟು ದೊಡ್ಡ ಬೊಟ್ಟು ಒತ್ತಿದಳು. ಐನೂರು ಜನರ ಎದುರು.

ಡಾಕ್ಟರ್ ಶಶಿಕಾಂತ್ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಭೂತಗನ್ನಡಿ ತೆಗೆದು ಆ ಕೆನ್ನೆಯನ್ನು ಹತ್ತಿರದಿಂದ, ದೂರದಿಂದ, ಎರಡೂ ಬದಿಯಿಂದ ಪರೀಕ್ಷಿಸಿದರು. ಆಮೇಲೆ ಮಾರ್ಗರೆಟ್ ಮೇಡಂ ಕಡೆ ತಿರುಗಿ, ಅತ್ಯಂತ ಗಂಭೀರವಾಗಿ ಹೇಳಿದರು:

"ಇದು ಒರಿಜಿನಲ್."